ಬಟ್ಟೆ ಒಣಗಿಸೋ ಹಗ್ಗದಲ್ಲಿ ಕಲಿತ ಡಿಫೆನ್ಸ್

ಬೆಂಗಳೂರಿನ ಒಂದು ಕಾಲೇಜಿನ ಹುಡುಗರಿಗೆ ಸಂಜೆ ಹೊತ್ತು ಫುಟ್‌ಬಾಲ್ ಹೇಳಿಕೊಡುತ್ತೇನೆ. ಹೋದ ವರ್ಷದ ಟೂರ್ನಿಯಲ್ಲಿ ಎದುರಿಗಿದ್ದ ಟೀಮುಗಳೆಲ್ಲ ನಮಗಿಂತ ಗಟ್ಟಿ. ಬಾಲ್ ಇಟ್ಟುಕೊಂಡು ಆಡಲು ಹೋದರೆ ಸೋಲೇ ಗತಿ. ಹಿಂದೆ ನಿಂತು ತಡೆಯೋಣ, ಸಿಕ್ಕಾಗ ಓಡೋಣ ಅಂದುಕೊಂಡೆ.

ಮೊದಲು ಹಾಕಿದ್ದು 5-4-1: ಹಿಂದೆ ಐವರು, ನಡುವೆ ನಾಲ್ವರು, ಮುಂದೆ ಒಬ್ಬನೇ ಸ್ಟ್ರೈಕರ್. ಕಾಗದದ ಮೇಲೆ ಕೋಟೆ ಥರ ಕಾಣುತ್ತಿತ್ತು. ಮೊದಲ ಮ್ಯಾಚಿನಲ್ಲೇ ಬಂಡವಾಳ ಬಯಲಾಯಿತು. ಬಾಲ್ ಕಿತ್ತುಕೊಳ್ಳುತ್ತಿದ್ದೆವು, ಕಣ್ಣು ಮುಚ್ಚಿ ಮುಂದಕ್ಕೆ ಒದೆಯುತ್ತಿದ್ದೆವು. ಅಲ್ಲಿ ನಮ್ಮವನು ಒಬ್ಬ, ಅವರು ಮೂವರು. ಐದು ಸೆಕೆಂಡಿಗೆ ಬಾಲ್ ವಾಪಸ್. 0-4. ಬಸ್ಸಲ್ಲಿ ಸ್ಟ್ರೈಕರ್ ಹುಡುಗ ಹೇಳಿದ, "ಸರ್, ಇವತ್ತು ನಾನು ಬರದೇ ಇದ್ರೂ ನಡೀತಿತ್ತು." ಬೈಯೋಣ ಅನ್ನಿಸಿತು. ಆದರೆ ಅವನು ಹೇಳಿದ್ದು ನಿಜ ಅಲ್ವಾ?

ಆ ರಾತ್ರಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿನ ಹಳೇ ಮ್ಯಾಚ್‌ಗಳನ್ನು ಹಾಕಿಕೊಂಡು ಕೂತೆ. ಕ್ಲಾಡಿಯೊ ರನಿಯೇರಿ ಕೋಚ್ ಆಗಿದ್ದಾಗ, 2015-16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಟೀಮ್ ಅದು. 38 ಮ್ಯಾಚ್‌ಗಳಲ್ಲಿ ಸೋತಿದ್ದು ಬರೀ 3. ಆಡುತ್ತಿದ್ದದ್ದು ಹಳೇ ಕಾಲದ 4-4-2. ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಅವರ ಸ್ಟ್ರೈಕರ್ ಜೇಮಿ ವಾರ್ಡಿ ಹೊಡೆದ ಗೋಲನ್ನು ಹತ್ತು ಸಲವಾದರೂ ನೋಡಿದೆ. ಯುನೈಟೆಡ್‌ಗೆ ಕಾರ್ನರ್. ಲೆಸ್ಟರ್ ಕೀಪರ್ ಷ್ಮೈಕೆಲ್ ಬಾಲ್ ಹಿಡಿದವನೇ ಕೈಯಿಂದ ಎಸೆಯುತ್ತಾನೆ. ಡಿಫೆಂಡರ್ ಫುಕ್ಸ್ ತಗೊಂಡು ಓಡಿ, ವಾರ್ಡಿ ನುಗ್ಗುತ್ತಿರುವ ಜಾಗಕ್ಕೆ ತಳ್ಳುತ್ತಾನೆ. ಅಷ್ಟೇ, ಗೋಲ್. ಹಿಂದೆ ಎಷ್ಟು ಜನ ಇರಬೇಕು ಅಂತ ನಾನು ಲೆಕ್ಕ ಹಾಕಿದ್ದೆ. ಬಾಲ್ ಸಿಕ್ಕ ಮೇಲೆ ಮೊದಲ ಪಾಸ್ ಯಾರಿಗೆ ಅನ್ನೋದನ್ನ ಯೋಚಿಸಿರಲೇ ಇಲ್ಲ.

ಮರುದಿನವೇ 4-4-2ಗೆ ಬಂದೆ. ಐವರು ಹೋಗಿ ನಾಲ್ವರಾದಾಗ ಹುಡುಗರಿಗೆ ಭಯ. ಅದಕ್ಕೆ ಬಟ್ಟೆ ಒಣಗಿಸೋ ನೈಲಾನ್ ಹಗ್ಗ ತಂದೆ. ಎಂಟೆಂಟು ಮೀಟರ್ ಅಂತರದಲ್ಲಿ ನಾಲ್ವರೂ ಹಗ್ಗ ಹಿಡಿದು ನಿಲ್ಲಬೇಕು. ಬಾಲ್ ಎಡಕ್ಕೆ ಹೋದರೆ ನಾಲ್ವರೂ ಎಡಕ್ಕೆ. ಹಗ್ಗ ಜೋತುಬಿದ್ದರೆ ಒಬ್ಬ ತಪ್ಪು ಮಾಡಿದ್ದಾನೆ ಅಂತ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಏನ್ ಸಾರ್, ಎತ್ತು ಪಳಗಿಸ್ತಿದ್ದೀರಾ?" ಅಂದರು. ಎರಡು ವಾರಕ್ಕೆ ಹಗ್ಗ ಬೇಡವಾಯಿತು.

ನಡುವಿನ ಇಬ್ಬರಲ್ಲಿ ಒಬ್ಬನಿಗೆ ಬಾಲ್ ಕಿತ್ತುಕೊಳ್ಳೋದಷ್ಟೇ ಕೆಲಸ. ಇನ್ನೊಬ್ಬ ತಲೆ ಎತ್ತಿ ನೋಡುವವನು. ನಿಜವಾದ ಬದಲಾವಣೆ ಮುಂದಿನ ಇಬ್ಬರಲ್ಲಾಯಿತು. ಒಬ್ಬ ಕೆಳಗಿಳಿದು ಎದುರಾಳಿಗಳ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ (ಅವರ ಡಿಫೆನ್ಸ್ ಮುಂದೆ ನಿಲ್ಲುವವನಿಗೆ) ಅಂಟಿಕೊಳ್ಳಬೇಕು. ನಮಗೆ ಬಾಲ್ ಸಿಕ್ಕ ಕೂಡಲೇ ಮೊದಲ ಪಾಸ್ ಅವನ ಕಾಲಿಗೆ. ಇನ್ನೊಬ್ಬ, ಬಸ್ಸಲ್ಲಿ ಗೊಣಗಿದವನೇ, ನಡುಗೆರೆಯಿಂದ ಒಂದು ಹೆಜ್ಜೆ ಈಚೆ, ನಮ್ಮ ಅರ್ಧದಲ್ಲೇ ನಿಲ್ಲಬೇಕು. ಅವರ ಡಿಫೆಂಡರ್‌ಗಳು ಎಷ್ಟೇ ಮುಂದೆ ಬರಲಿ, ಸ್ವಂತ ಅರ್ಧದಲ್ಲಿ ನಿಂತವನಿಗೆ ಆಫ್‌ಸೈಡ್ (ಪಾಸ್ ಕೊಡುವಾಗ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ನಿಂತಿರುವ ತಪ್ಪು) ಇಲ್ಲ. ಇದು ಅವನಿಗೆ ಗೊತ್ತೇ ಇರಲಿಲ್ಲ. ಕೇಳಿದಾಗ ಮುಖ ಅರಳಿತು.

ಫುಲ್‌ಬ್ಯಾಕ್‌ಗಳು, ಅಂದರೆ ಹಿಂದಿನ ನಾಲ್ವರಲ್ಲಿ ಎರಡು ಅಂಚಿನವರು, ಮಾತ್ರ ಮುನಿಸಿಕೊಂಡರು. ಇಬ್ಬರಿಗೂ ಮುಂದೆ ಓಡುವ ಆಸೆ. ನಾನು ಬಿಡಲಿಲ್ಲ.

ಇನ್ನೊಂದು ತೊಂದರೆ ನಮ್ಮ ಮಣ್ಣಿನ ಗ್ರೌಂಡ್‌ದು. ಲೆಸ್ಟರ್ ಥರ ನೇರವಾಗಿ ಉದ್ದ ಪಾಸ್ ಕೊಟ್ಟರೆ ಬಾಲ್ ಗಟ್ಟಿ ನೆಲದ ಮೇಲೆ ಪುಟಿದು ಸೀದಾ ಅವರ ಕೀಪರ್ ಕೈಗೆ. ಹಾಗಾಗಿ ಕಾರ್ನರ್ ಬಾವುಟದ ಕಡೆಗೆ ಓರೆಯಾಗಿ ಕೊಡೋದನ್ನ ಕಲಿಸಿದೆ. ಸ್ಟ್ರೈಕರ್ ಅಲ್ಲಿ ಬಾಲ್ ಹಿಡಿಯುವಷ್ಟರಲ್ಲಿ ವಿಂಗರ್ (ನಡುವಿನ ನಾಲ್ವರಲ್ಲಿ ಅಂಚಿನವನು) ಗೋಲಿನ ಮುಂದಿನ ಬಾಕ್ಸ್ ತಲುಪಿರಬೇಕು.

ರನಿಯೇರಿ ಗೋಲ್ ಬಿಟ್ಟುಕೊಡದಿದ್ದರೆ ಪಿಜ್ಜಾ ಕೊಡಿಸ್ತೀನಿ ಅಂದಿದ್ದರಂತೆ. ನಾನು ಮಸಾಲೆ ದೋಸೆ ಅಂದೆ. ಮೂರನೇ ಮ್ಯಾಚ್, ಕೊನೆಯ ಹತ್ತು ನಿಮಿಷ, 0-0, ಅವರಿಗೆ ಕಾರ್ನರ್. ನಮ್ಮ ಕೀಪರ್ ಬಾಲ್ ಹಿಡಿದ. ಅಭ್ಯಾಸಬಲ, ಒದೆಯಲು ಕಾಲೆತ್ತಿದ. "ಉರುಳಿಸೋ!" ಅಂತ ಕಿರುಚಿದೆ. ಉರುಳಿಸಿದ. ಕಾಲಿಗೊಂದು ಪಾಸ್, ಬಾವುಟದ ಕಡೆಗೊಂದು ಪಾಸ್, ಹಿಂದಿನಿಂದ ಓಡಿಬಂದ ರೈಟ್ ವಿಂಗರ್. 1-0. ಹದಿನೆಂಟು ದೋಸೆಗೆ ದುಡ್ಡು ಕೊಟ್ಟೆ.

ಮುಂದಿನ ಟೀಮ್ ಅದನ್ನು ನೋಡಿಕೊಂಡೇ ಬಂದಿತ್ತು. ಅವರೂ ಹಿಂದೆ ನಿಂತರು. ಬಾಲ್ ಪೂರ್ತಿ ನಮ್ಮ ಕಾಲಲ್ಲೇ, ಏನು ಮಾಡಬೇಕೋ ತೋಚಲಿಲ್ಲ. ಒಂದು ಫ್ರೀ ಕಿಕ್‌ನಲ್ಲಿ ಸೋತೆವು. ಈ ವರ್ಷ ಫುಲ್‌ಬ್ಯಾಕ್‌ಗಳನ್ನು ಸ್ವಲ್ಪ ಮುಂದೆ ಬಿಡೋಣ ಅಂತಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ.