ಜಪಾನಿನ ಬಿಸಿನೆಸ್ ಹೋಟೆಲಿನಲ್ಲಿ ಉಳಿಯುವವರಿಗೆ

ಹೆಸರಿನಲ್ಲಿ ‘ಬಿಸಿನೆಸ್’ ಇದೆ ಅಂತ ದುಬಾರಿ ಅಂದುಕೊಳ್ಳಬೇಡಿ. ಕಂಪನಿ ಕೆಲಸಕ್ಕೆ ಊರೂರು ಸುತ್ತುವ ನೌಕರ ರಾತ್ರಿ ಬಂದು ಸ್ನಾನ ಮಾಡಿ ಮಲಗಿ, ಬೆಳಿಗ್ಗೆ ಎದ್ದು ಹೋಗಲೆಂದೇ ಕಟ್ಟಿದ ಹೋಟೆಲು ಇದು. ತೊಯೊಕೊ ಇನ್, ರೂಟ್ ಇನ್, ಸೂಪರ್ ಹೋಟೆಲ್, ಅಪಾ, ಡಾರ್ಮಿ ಇನ್ ಇಂಥವು ದೊಡ್ಡ ಸ್ಟೇಷನ್ನುಗಳ ಸುತ್ತಮುತ್ತ ಸಾಮಾನ್ಯವಾಗಿ ಸಿಗುತ್ತವೆ. ಸಾಮಾನು ಹೊರುವವರಿಲ್ಲ, ಕೋಣೆಗೆ ಊಟ ತರುವವರಿಲ್ಲ, ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ. ಒಬ್ಬ ಮನುಷ್ಯ, ಒಂದು ಬ್ಯಾಗು, ಒಂದು ರಾತ್ರಿ ಅನ್ನುವ ಲೆಕ್ಕಕ್ಕೆ ಎಲ್ಲವೂ ಅಳೆದಿಟ್ಟದ್ದು. ಆ ಲೆಕ್ಕ ಮೀರಿದಲ್ಲೆಲ್ಲ ತೊಂದರೆ ಶುರು.

ಮೊದಲ ಎಡವಟ್ಟು ಬುಕಿಂಗಿನಲ್ಲೇ ಆಗುತ್ತದೆ. ಸಿಂಗಲ್ ಕೋಣೆ 11ರಿಂದ 15 ಚದರ ಮೀಟರ್ ಇರುತ್ತದೆ, ಬಾತ್‌ರೂಮೂ ಅದರಲ್ಲೇ ಸೇರಿ. ‘ಸೆಮಿ ಡಬಲ್’ ಅಂದರೆ 120ರಿಂದ 140 ಸೆಂಟಿಮೀಟರ್ ಅಗಲದ ಒಂದೇ ಹಾಸಿಗೆ. ಇಬ್ಬರಿಗೆ ಅಂತ ಮಾರುತ್ತಾರೆ ನಿಜ, ಆದರೆ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರ. ಇಬ್ಬರಿದ್ದರೆ ಎರಡು ಮಂಚದ ‘ಟ್ವಿನ್’ ತೆಗೆದುಕೊಳ್ಳಿ. ಜಪಾನಿನಲ್ಲಿ ಬಾಡಿಗೆ ಹೆಚ್ಚಾಗಿ ಕೋಣೆಗಲ್ಲ, ತಲೆಗೆ. ಆದ್ದರಿಂದ ಒಬ್ಬರಿಗೆ ಅಂತ ಬುಕ್ ಮಾಡಿ ಇಬ್ಬರು ಹೋದರೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಇಬ್ಬರ ಕೋಣೆ ಖಾಲಿ ಇಲ್ಲದಿದ್ದರೆ ಇಲ್ಲವೇ ಇಲ್ಲ. ಧೂಮಪಾನದ ಕೋಣೆಗಳು ಇನ್ನೂ ಉಳಿದಿವೆ. ಬೆಲೆ ಕಡಿಮೆ ಕಂಡರೆ ಅದೇ ಕಾರಣವಿರಬಹುದು. ‘ಕಿನ್‌ಎನ್’ ಅಂದರೆ ಧೂಮಪಾನ ನಿಷೇಧ, ‘ಕಿತ್ಸುಎನ್’ ಅಂದರೆ ಸೇದಬಹುದು. ಪರದೆಗೆ ಹತ್ತಿದ ವಾಸನೆ ಒಂದು ರಾತ್ರಿ ಕಿಟಕಿ ತೆರೆದರೆ ಹೋಗುವಂಥದ್ದಲ್ಲ, ಕಿಟಕಿಯೂ ಎಷ್ಟೋ ಕಡೆ ಅಂಗೈಯಗಲ ಮಾತ್ರ ತೆರೆಯುತ್ತದೆ. ಶನಿವಾರ ರಾತ್ರಿ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ರಜೆ, ಆಗಸ್ಟ್ ನಡುವಿನ ಓಬೊನ್ ಹಬ್ಬದ ದಿನಗಳಲ್ಲಿ ಅದೇ ಕೋಣೆಯ ಬೆಲೆ ಏರಿಬಿಡುತ್ತದೆ.

ಚೆಕ್-ಇನ್ ಮಧ್ಯಾಹ್ನ 3 ಅಥವಾ 4 ಗಂಟೆಗೆ. ಅದಕ್ಕೂ ಮುಂಚೆ ಕೋಣೆ ಕೊಡುವುದಿಲ್ಲ, ಗೋಗರೆದೂ ಪ್ರಯೋಜನವಿಲ್ಲ. ಬ್ಯಾಗು ಮಾತ್ರ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ, ಚೀಟಿ ಕೊಡುತ್ತಾರೆ. ಸಮಯದ ಪಟ್ಟಿಯಲ್ಲಿ ‘25:00’ ಅಂತ ಕಂಡರೆ ಅಚ್ಚಿನ ತಪ್ಪಲ್ಲ, ನಡುರಾತ್ರಿ ಕಳೆದು 1 ಗಂಟೆ. ಬುಕ್ ಮಾಡುವಾಗ ಬರೆದ ಸಮಯಕ್ಕಿಂತ ತುಂಬ ತಡವಾಗುವುದಾದರೆ ಫೋನ್ ಮಾಡಿ ತಿಳಿಸಿ. ಇಲ್ಲದಿದ್ದರೆ ಬರುವುದಿಲ್ಲವೆಂದು ಲೆಕ್ಕ ಹಾಕಿ ಕೋಣೆ ರದ್ದು ಮಾಡಬಹುದು. ಜಪಾನಿನಲ್ಲಿ ಮನೆ ವಿಳಾಸವಿಲ್ಲದ ವಿದೇಶಿಯರ ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳುವುದು ಹೋಟೆಲಿನವರ ಕರ್ತವ್ಯ, ಆದ್ದರಿಂದ ಅದನ್ನು ಪೆಟ್ಟಿಗೆಯ ತಳದಲ್ಲಿ ಹೂತಿಡಬೇಡಿ. ಎಷ್ಟೋ ಕಡೆ ದುಡ್ಡು ಕಟ್ಟುವುದು ಯಂತ್ರದಲ್ಲೇ, ನೋಟು ಹಾಕಿದರೆ ಚಿಲ್ಲರೆ ತಾನೇ ಉದುರುತ್ತದೆ. ಕ್ಯೋಟೊ, ಒಸಾಕಾ, ಫುಕುವೊಕಾದಂಥ ಊರುಗಳಲ್ಲಿ ವಾಸ್ತವ್ಯ ತೆರಿಗೆ ಬೇರೆ ಇದೆ. ಆನ್‌ಲೈನಿನಲ್ಲಿ ಪೂರ್ತಿ ಕಟ್ಟಿದ್ದರೂ ಇದೊಂದನ್ನು ಕೌಂಟರಿನಲ್ಲಿ ಕೇಳಬಹುದು. ಅಂದಹಾಗೆ, ಜಪಾನಿನಲ್ಲಿ ಒಂದನೇ ಮಹಡಿ ಅಂದರೆ ನೆಲಮಹಡಿ.

ಕೀ ಸಿಕ್ಕಿದ ತಕ್ಷಣ ಲಿಫ್ಟಿಗೆ ಓಡಬೇಡಿ. ಕೌಂಟರಿನ ಪಕ್ಕದ ಕಪಾಟು ನೋಡಿ. ಟೂತ್‌ಬ್ರಷ್, ರೇಜರ್, ಬಾಚಣಿಗೆ, ಚಹಾದ ಪೊಟ್ಟಣ ಅಲ್ಲೇ ಇರುತ್ತವೆ, ಕೆಲವೆಡೆ ರಾತ್ರಿ ಉಡುಪೂ ಅಲ್ಲೇ. ಪ್ಲಾಸ್ಟಿಕ್ ಬಳಕೆ ತಗ್ಗಿಸುವ ಕಾನೂನು 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಇವನ್ನು ಕೋಣೆಯಲ್ಲಿ ಇಡುವುದನ್ನು ಬಹಳ ಹೋಟೆಲುಗಳು ಬಿಟ್ಟಿವೆ. ಬೇಕಾದಷ್ಟೇ ತೆಗೆದುಕೊಳ್ಳಿ.

ಕೋಣೆಯ ಬಾಗಿಲು ಮುಚ್ಚಿದೊಡನೆ ತಾನೇ ಲಾಕ್ ಆಗುತ್ತದೆ, ಕಾರ್ಡು ಒಳಗೇ ಬಿಟ್ಟು ಚಪ್ಪಲಿಯಲ್ಲಿ ಐಸ್ ತರಲು ಹೋದವರ ಪಾಡು ಹೇಳತೀರದು. ಒಳಗೆ ಬಂದು ಲೈಟು ಹತ್ತದಿದ್ದರೆ ಗೋಡೆಯ ಸೀಳಿನಲ್ಲಿ ಕಾರ್ಡು ಸಿಕ್ಕಿಸಿ. ಫ್ರಿಜ್ಜು ಬಹುತೇಕ ಆಫ್ ಆಗಿರುತ್ತದೆ, ಒಳಗೋ ಪಕ್ಕದಲ್ಲೋ ಸ್ವಿಚ್ ಹುಡುಕಬೇಕು. ವಿದ್ಯುತ್ತು 100 ವೋಲ್ಟು, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಫೋನು, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ‘100–240’ ಅಂತಿದ್ದರೆ ಅಡಾಪ್ಟರ್ ಒಂದೇ ಸಾಕು. 230 ವೋಲ್ಟಿನ ಕೆಟಲ್ ತಂದರೆ ನೀರು ಕುದಿಯುವಷ್ಟರಲ್ಲಿ ತಾಳ್ಮೆ ಕುದಿಯುತ್ತದೆ. ಕೋಣೆಯಲ್ಲೇ ಕೆಟಲ್ ಇರುತ್ತದೆ, ಹೊತ್ತು ತರಬೇಡಿ.

ಇನ್ನು ಬಾತ್‌ರೂಮು. ಟಬ್, ಬೇಸಿನ್, ಕಮೋಡ್ ಮೂರನ್ನೂ ಒಂದೇ ಅಚ್ಚಿನ ಪೆಟ್ಟಿಗೆಯಂತೆ ಜೋಡಿಸಿದ ‘ಯುನಿಟ್ ಬಾತ್’ ಇದು. 1964ರ ಟೋಕಿಯೋ ಒಲಿಂಪಿಕ್ಸಿಗೆ ಹೋಟೆಲ್ ನ್ಯೂ ಒಟಾನಿಯನ್ನು ಅವಸರದಲ್ಲಿ ಕಟ್ಟುವಾಗ ಟೋಟೊ ಕಂಪನಿ ಇದನ್ನು ಕಾರ್ಖಾನೆಯಲ್ಲಿ ತಯಾರಿಸಿ ಕೊಟ್ಟಿತು. ನೆಲ ಕೋಣೆಗಿಂತ ಒಂದು ಮೆಟ್ಟಿಲು ಎತ್ತರ, ರಾತ್ರಿ ನಿದ್ದೆಗಣ್ಣಲ್ಲಿ ಹೊರಬರುವಾಗ ಜೋಕೆ. ಶವರ್ ಪರದೆಯ ಅಂಚನ್ನು ಟಬ್ಬಿನ ಒಳಗೆ ಬಿಡಬೇಕು. ಹೊರಗೆ ಬಿಟ್ಟರೆ ನೀರು ನೆಲವೆಲ್ಲ ಹರಿದು ಟಾಯ್ಲೆಟ್ ಪೇಪರೂ ನೆನೆಯುತ್ತದೆ. ಟಬ್ಬಿನ ಅಂಚಿಗೆ ಹಾಕಿರುವ ದಪ್ಪ ಬಟ್ಟೆ ಟವೆಲಲ್ಲ, ಕಾಲೊರೆಸು. ಹಳೆಯ ಕಟ್ಟಡಗಳಲ್ಲಿ ಬೇಸಿನ್ನಿಗೂ ಟಬ್ಬಿಗೂ ಒಂದೇ ನಲ್ಲಿ, ಅತ್ತ ಇತ್ತ ತಿರುಗುತ್ತದೆ. ಒಂದು ಹಿಡಿ ಬಿಸಿಯ ಅಳತೆಗೆ, ಇನ್ನೊಂದು ನೀರು ಶವರಿಗೆ ಹೋಗಬೇಕೋ ನಲ್ಲಿಗೋ ಅನ್ನುವುದಕ್ಕೆ. ಸ್ನಾನವಾದ ಮೇಲೆ ಅದನ್ನು ನಲ್ಲಿಯ ಕಡೆಗೆ ತಿರುಗಿಸಿಡಿ. ಮರೆತರೆ ಬೆಳಿಗ್ಗೆ ಹಲ್ಲುಜ್ಜಲು ತಿರುಗಿಸಿದಾಗ ನೀರು ಶವರಿನಿಂದ ಸುರಿಯುತ್ತದೆ, ಇಸ್ತ್ರಿ ಮಾಡಿದ ಅಂಗಿಯ ಗತಿ ಮುಗಿಯಿತು. ಬಿಸಿಯ ಹಿಡಿ 40ರ ಅಂಕಿಯ ಹತ್ತಿರ ನಿಂತುಬಿಡುತ್ತದೆ, ಕೆಟ್ಟಿದ್ದಲ್ಲ. ಇನ್ನೂ ಬಿಸಿ ಬೇಕಾದರೆ ಹಿಡಿಯ ಮೇಲಿನ ಪುಟ್ಟ ಗುಂಡಿ ಒತ್ತಿಕೊಂಡೇ ತಿರುಗಿಸಬೇಕು. ಬಿಸಿನೀರು ಬಿಟ್ಟಾಗ ಬಾಗಿಲು ಮುಚ್ಚಿಡಿ, ಹಬೆ ಕೋಣೆಗೆ ನುಗ್ಗಿದರೆ ಬೆಂಕಿಯ ಅಲಾರಾಂ ಕೂಗುವುದುಂಟು.

ನೆಲಮಹಡಿಯಲ್ಲೋ ಮೇಲ್ಮಹಡಿಯಲ್ಲೋ ‘ದಾಯ್ ಯೊಕುಜೊ’ ಎಂಬ ಸಾಮೂಹಿಕ ಸ್ನಾನದ ಮನೆ ಇರುವ ಹೋಟೆಲು ಸಿಕ್ಕರೆ ಯುನಿಟ್ ಬಾತ್ ಮರೆತುಬಿಡಿ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ. ಬಟ್ಟೆ ಪೂರ್ತಿ ಕಳಚಿ, ಕುಳಿತು ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ಕೊಳಕ್ಕಿಳಿಯಬೇಕು. ಸಣ್ಣ ಟವೆಲು ನೀರಿಗೆ ತಾಗಬಾರದು. ದೊಡ್ಡ ಟವೆಲನ್ನು ಹೆಚ್ಚಾಗಿ ಕೋಣೆಯಿಂದಲೇ ಒಯ್ಯಬೇಕು. ಹೆಂಗಸರ ಕಡೆಯ ಬಾಗಿಲಿಗೆ ಅಂಕಿಯ ಲಾಕ್ ಇದ್ದರೆ ಸಂಖ್ಯೆಯನ್ನು ಚೆಕ್-ಇನ್ ಆಗುವಾಗಲೇ ಕೇಳಿಟ್ಟುಕೊಳ್ಳಿ.

ಬಟ್ಟೆ ಒಗೆಯುವ ಯಂತ್ರಕ್ಕೆ 200–300 ಯೆನ್, ಡ್ರೈಯರಿಗೆ 20–30 ನಿಮಿಷಕ್ಕೆ 100 ಯೆನ್ ಸುಮಾರು. ನೂರರ ನಾಣ್ಯಗಳೇ ಬೇಕು. ಜೀನ್ಸ್ ಹಾಕಿದರೆ ಒಂದು ಸುತ್ತಿಗೆ ಒಣಗುವ ಮಾತಿಲ್ಲ. ರಾತ್ರಿ ಊಟದ ನಂತರ ಎಲ್ಲರೂ ಮುಗಿಬೀಳುವುದರಿಂದ ಬಂದ ಕೂಡಲೇ ಹಾಕಿಬಿಡಿ. ಯಾವ ಯಂತ್ರ ಖಾಲಿಯಿದೆ ಅಂತ ಕೋಣೆಯ ಟಿವಿಯಲ್ಲೇ ತೋರಿಸುವ ಹೋಟೆಲುಗಳೂ ಇವೆ.

ಕೆಲವೆಡೆ ಕೊಡುವ ಬೆಳಗಿನ ಉಚಿತ ತಿಂಡಿಯಲ್ಲಿ ಸಸ್ಯಾಹಾರಿಗಳು ಮಿಸೊ ಸೂಪಿಗೆ ಮೋಸ ಹೋಗುತ್ತಾರೆ. ನೋಡಲು ಬರೀ ತೋಫು, ಪಾಚಿ. ಆದರೆ ತಿಳಿಸಾರು ಸಾಮಾನ್ಯವಾಗಿ ಒಣಮೀನಿನದು. ಹುದುಗಿಸಿದ ಸೋಯಾ ಕಾಳಿನ ‘ನಟ್ಟೊ’ ಜತೆ ಬರುವ ಪುಟ್ಟ ಸಾಸ್ ಪೊಟ್ಟಣದಲ್ಲೂ ಮೀನಿನ ಸಾರ ಇರುವುದುಂಟು. ಬಿಳಿ ಅನ್ನ, ಬ್ರೆಡ್ಡು, ಸಾಸ್ ಹಾಕದ ಸಲಾಡು ವಾಸಿ.

ಎರಡು ರಾತ್ರಿ ಮೀರಿ ಉಳಿಯುವವರು ಶುಚಿ ಬೇಡವೆಂಬ ಮ್ಯಾಗ್ನೆಟ್ಟನ್ನು ಬಾಗಿಲ ಹೊರಗೆ ಅಂಟಿಸಬಹುದು, ಹೊಸ ಟವೆಲು ಚೀಲದಲ್ಲಿ ಬಾಗಿಲಿಗೆ ನೇತುಬೀಳುತ್ತದೆ. ಚೆಕ್-ಔಟ್ ಹಲವೆಡೆ 10 ಗಂಟೆಗೇ. ತಡವಾದರೆ ಗಂಟೆಯ ಲೆಕ್ಕದಲ್ಲಿ ದುಡ್ಡು. 9.50ಕ್ಕೆ ಲಿಫ್ಟಿಗೆ ಸಾಲು ಇರುತ್ತದೆ, ಕಾಲು ಗಂಟೆ ಮೊದಲೇ ಇಳಿಯಿರಿ. ಮುಂದಿನ ಊರಿಗೆ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೋಗುವ ಬದಲು ಕೌಂಟರಿನಲ್ಲೇ ‘ತಕ್ಕ್ಯೂಬಿನ್’ ಎಂಬ ಕೊರಿಯರ್ ಸೇವೆ ಕೇಳಿ, ಮುಂದಿನ ಹೋಟೆಲಿನ ವಿಳಾಸ ಮತ್ತು ತಲುಪುವ ದಿನ ಬರೆದುಕೊಟ್ಟರೆ ಹೆಚ್ಚಾಗಿ ಮರುದಿನ ಮುಟ್ಟುತ್ತದೆ. ಒಂದು ರಾತ್ರಿಯ ಬಟ್ಟೆ ಕೈಚೀಲದಲ್ಲಿ ಉಳಿಸಿಕೊಂಡಿರಿ.