ಬಾಸ್ ಲೂರ್‌ಗಳಿಂದ ಮರಲ್ ಹಿಡಿಯುವುದು: ನಮ್ಮ ಕೆರೆಗಳಲ್ಲಿ ನಡೆಯುವುದು ಯಾವುದು

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಲೂರ್‌ಗಳಲ್ಲಿ, ಅಂದರೆ ಗಾಳಕ್ಕೆ ಕಟ್ಟುವ ಕೃತಕ ಎರೆಗಳಲ್ಲಿ, ಬಹುಪಾಲು ಅಮೆರಿಕ, ಜಪಾನಿನ ಬಾಸ್ ಮೀನಿಗೆಂದು ಹುಟ್ಟಿದವು. ಕಲಬುರಗಿ, ಬೀದರ್, ಯಾದಗಿರಿಯ ಕೆರೆ-ಹೊಳೆಗಳಲ್ಲಿ ಬಾಸ್ ಇಲ್ಲ. ಇಲ್ಲಿ ಅದರ ಜಾಗದಲ್ಲಿರುವುದು ಮರಲ್, ಅಂದರೆ ಕೊರವ. ಅದೂ ಬಾಸ್ ಹಾಗೆಯೇ ಹೊಂಚು ಹಾಕುವ ಮೀನು. ಕಡಿಮೆ ನೀರಿನಲ್ಲಿ, ಸೊಪ್ಪಿನ ಮರೆಯಲ್ಲಿ ನಿಂತು ಕಪ್ಪೆ, ಸಣ್ಣ ಮೀನು ಬಂದಾಗ ಎರಗುತ್ತದೆ. ಹಾಗಾಗಿ ಬಾಸ್ ಸಾಮಾನು ಇಲ್ಲೂ ನಡೆಯುತ್ತದೆ, ಎಲ್ಲವೂ ಅಲ್ಲ ಅಷ್ಟೆ. ಬಾಸ್ ಹಿಡಿಯುವ ಎಷ್ಟೋ ಜನ ಮೊದಲು ಪ್ಲಾಸ್ಟಿಕ್ ಹುಳು ಕಟ್ಟುತ್ತಾರೆ. ನಾನು ಮೊದಲು ಕಟ್ಟುವುದು ಟೊಳ್ಳು ರಬ್ಬರ್ ಕಪ್ಪೆ. ನಮ್ಮ ಕೆರೆಗಳಲ್ಲಿ ಲೂರ್ ಮೀನಿಗೆ ಇಷ್ಟವಾಗುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ಅಂತರಗಂಗೆ, ಜೊಂಡು, ಬೇಶರಮ್ ಗಿಡ, ನೀರಲ್ಲಿ ಮುಳುಗಿದ ಬಳ್ಳಾರಿ ಜಾಲಿ, ಇವುಗಳ ನಡುವೆ ಸಿಕ್ಕಿಕೊಳ್ಳದೆ ಬರುತ್ತದೋ ಎಂಬುದನ್ನು ಮೊದಲು ನೋಡಬೇಕು.

ಗಾಳ ಹಾಕುವ ಮುಂಚೆ ಕೇಳುವುದು ಕಡ್ಡಾಯ. ಹೆಚ್ಚಿನ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆ ಹಿಡಿದವರದ್ದು, ಇಲ್ಲವೇ ಮೀನುಗಾರರ ಸಹಕಾರ ಸಂಘದ್ದು. ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತ ಹಿರಿಯರನ್ನು ‘ಕಾಕಾ, ಇಲ್ಲಿ ಗಾಳ ಹಾಕ್ಲೇನ್ರಿ?’ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಸಂತೆಯಲ್ಲಿ ಮರಲ್‌ಗೆ ಒಳ್ಳೆಯ ಬೆಲೆ ಇರುವುದರಿಂದ ಕೆಲವರು ಬೇಡ ಅನ್ನಬಹುದು. ಬೇಡ ಅಂದರೆ ಬೇರೆ ಕೆರೆ ನೋಡಿಕೊಳ್ಳಿ. ಚಿಂಚೋಳಿ ವನ್ಯಜೀವಿಧಾಮದೊಳಗಿನ ಚಂದ್ರಂಪಳ್ಳಿ ಜಲಾಶಯ, ಸುರಪುರದ ಹತ್ತಿರ ಹಕ್ಕಿಗಳಿಗೆಂದು ಕಾದಿಟ್ಟ ಬೋನಾಳ ಕೆರೆ, ಇವೆರಡರ ಕಡೆಗೆ ರಾಡ್ ಒಯ್ಯುವುದೇ ಬೇಡ.

ಈಗ ಕಪ್ಪೆ. ಒಳಗೆ ಗಾಳಿ ಇರುವ ಮೆತ್ತನೆ ರಬ್ಬರ್ ಮೈ, ಬೆನ್ನಿಗೆ ಒತ್ತಿಕೊಂಡು ಮೇಲ್ಮುಖವಾಗಿ ಕೂತ ಜೋಡಿ ಹುಕ್, ಹಿಂದೆ ರಬ್ಬರ್ ಎಳೆಗಳ ಎರಡು ಕಾಲು. ಮೀನು ಕಚ್ಚುವವರೆಗೆ ಮೈ ಹುಕ್ಕನ್ನು ಮರೆಮಾಡಬೇಕು, ಕಚ್ಚಿದ ಕೂಡಲೇ ಚಪ್ಪಟೆಯಾಗಿ ಹುಕ್ಕನ್ನು ಬಿಟ್ಟುಕೊಡಬೇಕು. ಬಾಸ್‌ಗೆ ಮಾಡುವ ಕಪ್ಪೆಗಳು ಸಾಮಾನ್ಯವಾಗಿ 6 ಸೆಂಟಿಮೀಟರ್‌ಗಿಂತ ದೊಡ್ಡವು, ತೂಕ 14ರಿಂದ 18 ಗ್ರಾಂ. ನಮ್ಮ ಕೆರೆಗಳಲ್ಲಿ ಸಿಗುವ ಅರ್ಧ ಕಿಲೋದಿಂದ ಒಂದೂವರೆ ಕಿಲೋ ಮರಲ್‌ಗೆ ಅದು ದೊಡ್ಡದಾಯಿತು. ಅಷ್ಟೇ ತೂಕದ ಬಾಸ್‌ಗಿಂತ ಇದರ ಬಾಯಿ ಚಿಕ್ಕದು. 4.5ರಿಂದ 5.5 ಸೆಂಟಿಮೀಟರ್ ಮೈ, 8ರಿಂದ 12 ಗ್ರಾಂ ತೂಕ, ಇದೇ ನನ್ನ ಅಳತೆ.

ಕೊಳ್ಳುವಾಗ ಹೆಬ್ಬೆರಳು-ತೋರುಬೆರಳ ನಡುವೆ ಮೈ ಒತ್ತಿ ನೋಡುತ್ತೇನೆ. ಹೆಚ್ಚು ಬಲ ಹಾಕದೆ ಎರಡೂ ಹುಕ್ಕಿನ ತುದಿ ಪೂರ್ತಿ ಹೊರಗೆ ಕಾಣಬೇಕು. ಗಟ್ಟಿ ಇದ್ದರೆ ಮೀನು ಕಚ್ಚುತ್ತದೆ, ಹುಕ್ ಕಚ್ಚುವುದಿಲ್ಲ. ಸ್ವಲ್ಪವೇ ಗಟ್ಟಿ ಇದ್ದದ್ದನ್ನು ಬಿಸಿನೀರಲ್ಲಿ, ಕುದಿಯುವುದರಲ್ಲಿ ಅಲ್ಲ, ಒಂದೆರಡು ನಿಮಿಷ ಅದ್ದಿ ಕೈಯಲ್ಲಿ ಹಿಸುಕಿದರೆ ಸಡಿಲಾಗುತ್ತದೆ. ತೀರಾ ಅಗ್ಗದ ಕಪ್ಪೆಗಳಲ್ಲಿ ತಂತಿ ಮೆದು. ಒಳ್ಳೆಯ ಮೀನು ಜೊಂಡಿನೊಳಗೆ ನುಗ್ಗಿದಾಗ ಹುಕ್ ಸೆಟೆದು ನೇರವಾಗಿಬಿಡುತ್ತದೆ.

ಪೆಟ್ಟಿಗೆಯಿಂದ ತೆಗೆದ ಹಾಗೇ ಯಾವ ಕಪ್ಪೆಯನ್ನೂ ನೀರಿಗೆ ಬಿಡುವುದಿಲ್ಲ, ಒಂದಿಷ್ಟು ಕೈಕೆಲಸ ಇದೆ. ಪಕ್ಕಡ ಹಿಡಿದು ಎರಡೂ ಹುಕ್ಕಿನ ತುದಿಗಳನ್ನು ಹೊರಕ್ಕೆ ಒಂದು ಮಿಲಿಮೀಟರ್, ಮೇಲಕ್ಕೆ ಒಂದು ಮಿಲಿಮೀಟರ್ ತೆರೆಯಬೇಕು. ಅದಕ್ಕಿಂತ ಹೆಚ್ಚು ತೆರೆದರೆ ಸೊಪ್ಪು ಹಿಡಿಯುತ್ತದೆ. ಕಾಲಿನ ಎಳೆಗಳು ಉದ್ದ ಇದ್ದರೆ ಮೀನು ಅದನ್ನೇ ಕಚ್ಚಿ ಎಳೆದು ಬಿಟ್ಟುಬಿಡುತ್ತದೆ. ಹಾಗಾಗಿ ಎರಡು ಬೆರಳಗಲಕ್ಕೆ ಕತ್ತರಿಸುತ್ತೇನೆ. ಒಂದು ಕಾಲನ್ನು ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಗಿಡ್ಡ ಮಾಡಿದರೆ ಕಪ್ಪೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಹಾಕುತ್ತ ಬರುತ್ತದೆ. ಹುಕ್ಕಿನ ದಂಡ ಮೈಯೊಳಗೆ ಹೋಗುವ ಮೂತಿಯ ತೂತಿನ ಸುತ್ತ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಒಳಗೆ ನೀರು ನುಗ್ಗುವುದು ಕಡಿಮೆ. ಆದರೂ ಹಿಂದಿನಿಂದ ನೀರು ಸೇರಿಯೇ ಸೇರುತ್ತದೆ, ನಾಲ್ಕೈದು ಎಸೆತಕ್ಕೊಮ್ಮೆ ಹಿಸುಕಿ ತೆಗೆಯಬೇಕು. ನೀರು ತುಂಬಿದ ಕಪ್ಪೆ ಹಿಂಭಾಗ ಮುಳುಗಿಸಿಕೊಂಡು ಸತ್ತದ್ದರಂತೆ ಬರುತ್ತದೆ, ಮೈಯೂ ಸರಿಯಾಗಿ ಕುಸಿಯುವುದಿಲ್ಲ.

ಬಣ್ಣದ ವಿಷಯ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೀನಿಗೆ ಕಾಣುವುದು ಹೊಟ್ಟೆ ಮಾತ್ರ, ಬೆನ್ನಿನ ಚುಕ್ಕೆ, ಕಣ್ಣು ಎಲ್ಲ ಕೊಳ್ಳುವವನಿಗೆ. ಕಪ್ಪು ನೆಲದ ಮಣ್ಣು ಕದಡಿದ ಬೂದು ನೀರಿಗೆ, ಮುಂಜಾವಿಗೆ, ಸಂಜೆಗೆ ಕಪ್ಪು ಹೊಟ್ಟೆ. ನೀರು ತಿಳಿಯಾದಾಗ ಬಿಳಿ ಅಥವಾ ತೆಳು ಹಳದಿ.

ಇದರ ತಮ್ಮ ಎನ್ನಬಹುದಾದ ಇನ್ನೊಂದು ಲೂರ್ ಇದೆ, ಅಂಗಡಿಯವರು ಜಂಪ್ ಫ್ರಾಗ್ ಅನ್ನುತ್ತಾರೆ. ಚಿಕ್ಕ ರಬ್ಬರ್ ಮೈ, ಹಿಂದೆ ತಿರುಗುವ ತಗಡು. ನಿಲ್ಲಿಸದೆ ಸುತ್ತಿಕೊಂಡು ಬಂದರೆ ಪಟಪಟ ಸದ್ದು ಮಾಡುತ್ತದೆ. ಸೊಪ್ಪು ಕಡಿಮೆ ಇರುವ, ದಂಡೆ ಉದ್ದಕ್ಕೂ ಹುಡುಕಬೇಕಾದ ಕೆರೆಯಲ್ಲಿ ಅದು ಬೇಗ ಕೆಲಸ ಮುಗಿಸುತ್ತದೆ. ಜಾಲಿ ಮುಳ್ಳಿನ ನಡುವೆ ಮಾತ್ರ ಬೇಡ, ಹುಕ್ ಬಯಲಿಗೇ ಇರುತ್ತದೆ.

ದಾರಕ್ಕೆ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ, ಬಿಟ್ಟರೆ ಬೇರೆ ಮಾತಿಲ್ಲ. ನೈಲಾನ್ ದಾರ ಹಿಗ್ಗುತ್ತದೆ. 20 ಮೀಟರ್ ದೂರದಲ್ಲಿ ಸೊಪ್ಪಿನ ಮೇಲೆ ಜಗ್ಗಿದ ಬಲ ಹುಕ್ ಮುಟ್ಟುವಷ್ಟರಲ್ಲಿ ಅರ್ಧವಾಗಿರುತ್ತದೆ. ಬ್ರೇಡ್ ಹಿಗ್ಗುವುದಿಲ್ಲ, ಜೊತೆಗೆ ಅಂತರಗಂಗೆಯ ದಂಟನ್ನು ಕೊಯ್ದುಕೊಂಡು ಬರುತ್ತದೆ. 40 ಪೌಂಡ್ ಭಾರ ತಾಳುವುದು ಸಾಕು, ಜಾಲಿ ಇದ್ದರೆ 50. ರೀಲಿನ ತಳಕ್ಕೆ ಮೊದಲು ಐದಾರು ಮೀಟರ್ ನೈಲಾನ್ ಸುತ್ತಿ ಅದಕ್ಕೆ ಬ್ರೇಡ್ ಕಟ್ಟಬೇಕು. ಇಲ್ಲದಿದ್ದರೆ ಇಡೀ ಸುತ್ತು ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬಿಗಿ) ಕೆಟ್ಟಿದೆ ಎಂದುಕೊಂಡು ರಿಪೇರಿಗೆ ಕೊಡುವವರೂ ಇದ್ದಾರೆ. ರಾಡ್ 7 ಅಡಿ, ಮೀಡಿಯಂ ಹೆವಿ, ಅಂದರೆ ಸ್ವಲ್ಪ ಗಡುಸಾದದ್ದು. ಗಂಟು ಪಾಲೋಮಾರ್, ಎಂಜಲಿನಲ್ಲಿ ಒದ್ದೆ ಮಾಡಿ ಬಿಗಿಯಬೇಕು. ಮರಲ್ ಹಲ್ಲು ದಾರವನ್ನು ಒಂದೇ ಏಟಿಗೆ ಕತ್ತರಿಸುವುದಿಲ್ಲ, ಕೆರೆಯುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಗೇಣುದ್ದವನ್ನು ಉಗುರಿನ ನಡುವೆ ಎಳೆದು ನೋಡಿ, ಒರಟು ಸಿಕ್ಕರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ.

ಎಸೆಯುವುದು ಎಲ್ಲಿಗೆ? ಮರಲ್ ಕಿವಿರಿನಿಂದಷ್ಟೇ ಉಸಿರಾಡುವ ಮೀನಲ್ಲ, ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಂಡು ಹೋಗುತ್ತದೆ. ಬಾಸ್‌ಗೆ ಈ ಗುಣ ಇಲ್ಲ, ಅಷ್ಟರಮಟ್ಟಿಗೆ ನಮ್ಮ ಕೆಲಸ ಸುಲಭ. ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರೆ ಸೊಪ್ಪಿನ ನಡುವಿನ ಕಿಂಡಿಗಳಲ್ಲಿ ‘ಗುಳಕ್’ ಎಂದು ಒಂದು ಸುತ್ತು ಎದ್ದು ಮಾಯವಾಗುವುದು ಕಾಣುತ್ತದೆ. ಆ ಸುತ್ತಿನ ಮೇಲೇ ಎಸೆದರೆ ಮೀನು ಬೆದರುತ್ತದೆ. ಒಂದೆರಡು ನಿಮಿಷ ಬಿಟ್ಟು, ಎರಡು ಮೀಟರ್ ಆಚೆಗೆ, ಸೊಪ್ಪಿನ ಮೇಲೆ ಕಪ್ಪೆ ಬೀಳಿಸಿ, ಎಲೆಗಳ ಮೇಲೆ ಕುಪ್ಪಳಿಸುತ್ತ ತಂದು ಕಿಂಡಿಯ ಅಂಚಿನಲ್ಲಿ ನಿಲ್ಲಿಸಬೇಕು. ಐದು ಎಣಿಸಿ. ಆಮೇಲೆ ನೀರಿಗೆ ಇಳಿಸಿ, ಮತ್ತೆ ಐದು ಎಣಿಸಿ. ರಾಡಿನ ತುದಿಯನ್ನು ಒಂದು ಗೇಣು ಮಿಡಿದು ಸಡಿಲ ಬಿಡಿ, ಎಳೆದು ಬಿಗಿಯಾಗಿ ಹಿಡಿಯಬೇಡಿ. ಸಡಿಲ ದಾರದಲ್ಲೇ ಕಪ್ಪೆ ಜಾಗ ಬಿಟ್ಟು ಕದಲದೆ ಅಲುಗುತ್ತದೆ.

ಹಿಟ್ ಆದಾಗ ಹೊಸಬರ ಕೈಯಿಂದ ಮೀನು ತಪ್ಪುವುದು ಒಂದೇ ಕಾರಣಕ್ಕೆ: ಸದ್ದು ಕೇಳಿ ಜಗ್ಗುತ್ತಾರೆ. ಮರಲ್ ಕೆಳಗಿನಿಂದ ಸೊಪ್ಪಿನ ಸಮೇತ ಗುದ್ದುತ್ತದೆ, ಎಷ್ಟೋ ಸಲ ಮೊದಲ ಗುದ್ದಿನಲ್ಲಿ ಕಪ್ಪೆ ಬಾಯಿಗೆ ಹೋಗಿರುವುದೇ ಇಲ್ಲ. ಆಗ ಜಗ್ಗಿದರೆ ಕಪ್ಪೆ ಬಾಣದಂತೆ ನಿಮ್ಮ ಮುಖಕ್ಕೇ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ ಎನ್ನುವುದು ಇದಕ್ಕೇ. ಸದ್ದಾದ ಕೂಡಲೇ ರಾಡ್ ತಗ್ಗಿಸಿ, ಸಡಿಲವಿದ್ದ ದಾರವನ್ನು ಎರಡು ಸುತ್ತು ಎಳೆದುಕೊಳ್ಳಿ. ಕೈಗೆ ಭಾರ ಸಿಕ್ಕಿತೋ, ಆಗ ಎರಡೂ ಕೈಯಿಂದ ಮೇಲಕ್ಕೆ ಜಗ್ಗಿ. ದವಡೆಯ ಎಲುಬು ಗಟ್ಟಿ, ಮಣಿಕಟ್ಟಿನ ಏಟಿಗೆ ಹುಕ್ ನಾಟುವುದಿಲ್ಲ. ಡ್ರ್ಯಾಗ್ ಪೂರ್ತಿ ಬಿಗಿಯಾಗಿರಲಿ. ಮೊದಲ ಎರಡು-ಮೂರು ಸೆಕೆಂಡಿನಲ್ಲಿ ತಲೆ ಮೇಲಕ್ಕೆ ಎತ್ತಿಸಿ ಸೊಪ್ಪಿನ ಮೇಲೆ ಜಾರಿಸಿಕೊಂಡು ಬರಬೇಕು. ತಲೆ ಕೆಳಗೆ ಮಾಡಲು ಬಿಟ್ಟರೆ ಬೇರಿಗೆ ಸುತ್ತಿಕೊಳ್ಳುತ್ತದೆ, ಆಮೇಲೆ ನೀವು ಎಳೆಯುವುದು ಹತ್ತು ಕಿಲೋ ಅಂತರಗಂಗೆಯನ್ನು.

ಗುದ್ದಿ ತಪ್ಪಿಸಿಕೊಂಡ ಮೀನು ದೂರ ಹೋಗಿರುವುದಿಲ್ಲ. ಕಪ್ಪೆಯನ್ನು ಅಲ್ಲೇ ಹತ್ತು ಸೆಕೆಂಡ್ ಬಿಟ್ಟು ಮಿಡಿದರೆ ಕೆಲವೊಮ್ಮೆ ಮತ್ತೆ ಬರುತ್ತದೆ. ಬರದಿದ್ದರೆ ಅದೇ ಕಿಂಡಿಗೆ ಪ್ಲಾಸ್ಟಿಕ್ ಹುಳು ಇಳಿಸುತ್ತೇನೆ. ಎರಡನೆಯ ರಾಡಿನಲ್ಲಿ ಅದನ್ನು ಕಟ್ಟಿಟ್ಟುಕೊಂಡೇ ಹೋಗುವುದು ಇದಕ್ಕಾಗಿ.

ಪ್ಲಾಸ್ಟಿಕ್ ಹುಳು ಹಳೆಯ ಸಾಮಾನು. ಅಮೆರಿಕದ ಓಹಾಯೋ ರಾಜ್ಯದಲ್ಲಿ ನಿಕ್ ಕ್ರೀಮ್ ಎಂಬುವರು 1949ರಲ್ಲಿ ಮಾಡಿದ್ದು, ಬಾಸ್ ಹಿಡಿಯುವವರ ನೆಚ್ಚಿನ ಲೂರ್ ಆಗಿ ಇವತ್ತಿಗೂ ನಿಂತಿದೆ. ನನ್ನ ಬಳಿ ಇರುವುದು 10 ಸೆಂಟಿಮೀಟರಿನ ದಪ್ಪ ಹುಳು, 3/0 ಆಫ್‌ಸೆಟ್ ಹುಕ್ (ಕಣ್ಣಿನ ಬಳಿ ಮೆಟ್ಟಿಲಿನಂತೆ ಬಾಗಿದ್ದು), ಮುಂದೆ 5ರಿಂದ 7 ಗ್ರಾಂನ ಬಂದೂಕಿನ ಗುಂಡಿನಾಕಾರದ ಸೀಸ. ಕಟ್ಟುವ ಕ್ರಮ ಸರಿಯಾಗಿರಬೇಕು. ಹುಕ್ಕನ್ನು ಹುಳುವಿನ ಮೂತಿಗೆ ನೇರ ಚುಚ್ಚಿ ಅರ್ಧ ಸೆಂಟಿಮೀಟರ್ ಒಳಗೆ ಪಕ್ಕದಿಂದ ಹೊರತೆಗೆಯಿರಿ. ಹುಕ್ಕಿನ ಕಣ್ಣು ಮೂತಿಯೊಳಗೆ ಅಡಗುವವರೆಗೆ ಎಳೆದು, ಹುಕ್ಕನ್ನು ಅರ್ಧ ತಿರುಗಿಸಿ. ಈಗ ಹುಳುವನ್ನು ಇಳಿಬಿಟ್ಟು, ಹುಕ್ಕಿನ ಬಾಗು ಎಲ್ಲಿ ಮುಟ್ಟುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಅಲ್ಲಿಂದಲೇ ತುದಿ ಚುಚ್ಚಿ ಆಚೆ ತೆಗೆಯಿರಿ. ಕೊನೆಗೆ ತುದಿಯನ್ನು ಮೇಲ್ಚರ್ಮದಡಿ ಕೂದಲೆಳೆಯಷ್ಟು ಅಡಗಿಸಿ. ಗುರುತು ಒಂದು ಕಾಳಿನಷ್ಟು ಆಚೀಚೆ ಆದರೂ ಹುಳು ಗೂನಾಗಿ ಕೂರುತ್ತದೆ. ನೀರಲ್ಲಿ ಗಿರಗಿರ ತಿರುಗಿ ದಾರವನ್ನೆಲ್ಲ ಹುರಿ ಮಾಡುತ್ತದೆ. ಸೊಪ್ಪು ದಟ್ಟ ಇದ್ದರೆ ಸೀಸದ ತೂತಿಗೆ ಹಲ್ಲುಕಡ್ಡಿ ತುಂಡು ತುರುಕಿ ಹುಳುವಿಗೆ ಅಂಟಿಸಿಡಿ. ಇಲ್ಲವಾದರೆ ಸೀಸ ಕೆಳಗಿಳಿಯುತ್ತದೆ, ಹುಳು ಸೊಪ್ಪಿನ ಮೇಲೇ ಉಳಿಯುತ್ತದೆ.

ಚಳಿಗಾಲದಲ್ಲಿ, ಮುಖ್ಯವಾಗಿ ಬೀದರ್ ಕಡೆ ಡಿಸೆಂಬರ್-ಜನವರಿಯ ಬೆಳಗುಗಳಲ್ಲಿ, ಮೀನು ಮೇಲೆ ಬಂದು ಗುದ್ದುವಷ್ಟು ಉಮೇದು ತೋರುವುದಿಲ್ಲ. ಆಗ ಕಪ್ಪೆಗಿಂತ ಈ ಹುಳುವೇ ಮೇಲು. ತಳದಲ್ಲಿ ಎಳೆದು ನಿಲ್ಲಿಸಿ, ಎಳೆದು ನಿಲ್ಲಿಸಿ, ಬಿಸಿಲು ಏರಿದ ಮೇಲೆ.

ಸ್ಪಿನ್ನರ್‌ಬೇಟ್ ಮೂರನೆಯದು: ಬಾಗಿದ ತಂತಿಯ ಒಂದು ತುದಿಗೆ ಹುಕ್, ಮೇಲಿನ ತುದಿಗೆ ತಿರುಗುವ ತಗಡು. 10 ಗ್ರಾಂ, ಒಂದೇ ದುಂಡು ತಗಡಿನದು. ಕದಡಿದ ನೀರಿನಲ್ಲಿ ಮೀನು ಕಣ್ಣಿಗಿಂತ ನಡುಕವನ್ನು ನಂಬುತ್ತದೆ, ದುಂಡು ತಗಡು ನಿಧಾನ ಎಳೆದರೂ ದಡದಡ ನಡುಗುತ್ತದೆ. ಸೊಪ್ಪಿನ ಅಂಚಿನ ಉದ್ದಕ್ಕೂ ಎಳೆಯಬೇಕು, ಒಳಗೆ ಅಲ್ಲ. ಮೇಲಿನ ತಂತಿ ಹುಕ್ಕಿನ ನೇರಕ್ಕೇ ಇದೆಯೇ ಎಂದು ಎದುರಿನಿಂದ ನೋಡಿ. ಒಂದು ಮೀನು ಹಿಡಿದರೆ ತಂತಿ ಸೊಟ್ಟಗಾಗುತ್ತದೆ, ಲೂರ್ ಪಕ್ಕಕ್ಕೆ ವಾಲಿಕೊಂಡು ಬರುತ್ತದೆ.

ಮೂತಿಯಡಿ ತಗಡಿನಂಥ ತುಟಿ ಇರುವ ಗಟ್ಟಿ ಲೂರ್‌ಗಳಿಗೆ ಕೆರೆಯಲ್ಲಿ ಕೆಲಸ ಕಡಿಮೆ, ಎರಡನೆಯ ಎಸೆತಕ್ಕೇ ಸೊಪ್ಪಿನ ಹಾರ ಹಾಕಿಕೊಂಡು ಬರುತ್ತವೆ. ಅವು ಬಾಳೆ ಮೀನಿಗೆ, ಭೀಮಾ-ಕೃಷ್ಣೆಯ ಹರಿವ ನೀರಿಗೆ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ ಮಾಡಿದ ಮಾದರಿಯೇ ಇವತ್ತಿನ ಇಂಥ ಮಿನ್ನೋಗಳಲ್ಲಿ (ಸಣ್ಣ ಮೀನಿನಾಕಾರದ ಲೂರ್) ಎಷ್ಟಕ್ಕೋ ಮೂಲ. 9ರಿಂದ 11 ಸೆಂಟಿಮೀಟರ್ ಸಾಕು. ಮೂರು ಮುಳ್ಳಿನ ಹುಕ್ ತೆಗೆದು ಒಂಟಿ ಹುಕ್ ಹಾಕಿಕೊಳ್ಳಿ. ಕಲ್ಲಿಗೆ ಸಿಗುವುದು ಕಡಿಮೆ, ಕೈಗೆ ನಾಟುವುದೂ ಕಡಿಮೆ. ಲೂರ್ ಎಡಕ್ಕೆ ವಾಲಿ ಬರುತ್ತಿದ್ದರೆ ದಾರ ಕಟ್ಟುವ ಕಣ್ಣನ್ನು ಪಕ್ಕಡದಿಂದ ಒಂದಿಷ್ಟೇ ಬಲಕ್ಕೆ ಬಾಗಿಸಿ. ಬ್ಯಾರೇಜಿನ ಬಾಗಿಲ ಕೆಳಗೆ ಇಳಿದು ನಿಲ್ಲಬೇಡಿ, ನೀರು ಬಿಡುವುದು ನಿಮಗೆ ಹೇಳಿ ಅಲ್ಲ.

ಫೆಬ್ರವರಿಯಿಂದ ಮೇ ನಡುವೆ ಕೆರೆ ಬತ್ತುತ್ತ ಬಂದಾಗ ಮೀನು ಉಳಿದ ಸೊಪ್ಪಿನ ಪಟ್ಟಿಗಳಿಗೆ ಒತ್ತಿಕೊಳ್ಳುತ್ತದೆ. ಸೂರ್ಯ ಹುಟ್ಟುವ ಹೊತ್ತಿನಿಂದ ಎಂಟೂವರೆವರೆಗೆ, ಸಂಜೆ ಐದರ ನಂತರ. ಮಳೆಗಾಲ ಮರಿ ಮಾಡುವ ಕಾಲ. ನೀರ ಮೇಲೆ ಕೆಂಪು ಮರಿಗಳ ಗುಂಪು ಒಂದೇ ಕಡೆ ಕುದಿಯುತ್ತಿದ್ದರೆ ಕೆಳಗೆ ಕಾವಲಿಗೆ ತಂದೆ-ತಾಯಿ ಇರುತ್ತವೆ. ಮರಿಗಳ ಮೇಲೆ ಏನು ಬಿದ್ದರೂ ಎರಗುತ್ತವೆ, ಯಾವ ಲೂರ್ ಆದರೂ ಸಾಕು. ಅಲ್ಲಿ ಎಸೆಯುವುದಿಲ್ಲ. ಕಾವಲು ಹೋದರೆ ಇಡೀ ಗುಂಪನ್ನು ಬೇರೆ ಮೀನು ಒಂದೇ ದಿನದಲ್ಲಿ ತಿಂದು ಮುಗಿಸುತ್ತದೆ. ಇಲ್ಲಿಗೇ ಬಾಸ್ ಮರಿ ತಂದು ಬಿಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಜಪಾನಿನಲ್ಲಿ 1925ರಲ್ಲಿ ಆಶಿ ಸರೋವರಕ್ಕೆ ಬಿಟ್ಟರು. ಅದು ದೇಶವೆಲ್ಲ ಹರಡಿ, 2005ರಲ್ಲಿ ಕಾನೂನಿನಡಿ ಹಾನಿಕರ ಹೊರಗಿನ ಜೀವಿ ಎಂದು ಪಟ್ಟಿಗೆ ಸೇರಿಸಬೇಕಾಯಿತು.

ಕೊನೆಯದಾಗಿ ನಮ್ಮ ಬಿಸಿಲು. ಏಪ್ರಿಲ್‌ನಲ್ಲಿ 42 ಡಿಗ್ರಿಯಲ್ಲಿ ನಿಲ್ಲಿಸಿದ ಕಾರಿನೊಳಗೆ ಪ್ಲಾಸ್ಟಿಕ್ ಹುಳುಗಳು ಮಡಚಿದ ಆಕಾರದಲ್ಲೇ ಉಳಿದುಬಿಡುತ್ತವೆ, ಬಣ್ಣ ಒಂದಕ್ಕೊಂದು ಇಳಿಯುತ್ತದೆ. ಕೆಲವು ಹುಳುಗಳ ಎಣ್ಣೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನೂ ಕರಗಿಸುತ್ತದೆ. ಬಂದ ಚೀಲದಲ್ಲೇ, ಚಪ್ಪಟೆಯಾಗಿ, ಬಣ್ಣ ಬೆರೆಸದೆ ಇಡಿ. ಮೂತಿ ಹರಿದ ಹುಳು ಎಸೆಯಬೇಡಿ. ಹಳೆಯ ಚಾಕುವಿನ ತುದಿ ದೀಪದಲ್ಲಿ ಕಾಯಿಸಿ, ಹರಿದ ಎರಡೂ ಬದಿಗೆ ತಾಗಿಸಿ ಒತ್ತಿ ಹಿಡಿದರೆ ಬೆಸೆದುಕೊಳ್ಳುತ್ತದೆ. ಹೊಗೆ ಕೆಟ್ಟದ್ದು, ಈ ಕೆಲಸ ಅಂಗಳದಲ್ಲೇ ಆಗಲಿ. ಕಪ್ಪೆಯ ಕಾಲಿನ ಎಳೆಗಳೂ ಬಿಸಿಲಿಗೆ ಒಂದಕ್ಕೊಂದು ಅಂಟುತ್ತವೆ. ಚಿಟಿಕೆ ಟಾಲ್ಕಂ ಪೌಡರ್ ಹಚ್ಚಿಟ್ಟರೆ ಮುಂದಿನ ಸೀಸನ್‌ಗೂ ಬಿಡಿಬಿಡಿಯಾಗಿರುತ್ತವೆ.