ಫಿಲ್ಲಿಂಗ್ ರಿಪೇರಿಗೆ ರೋಗಿಗಳನ್ನು ಒಪ್ಪಿಸಿದ್ದು: ಹಾಸನದ ಕ್ಲಿನಿಕ್ಕಿನಲ್ಲಿ ನನ್ನ ಅನುಭವ

ಅಂಚು ಮುರಿದ ಅಥವಾ ಒಂದು ಮೂಲೆಯಲ್ಲಿ ಮತ್ತೆ ಹುಳುಕು ಹಿಡಿದ ಫಿಲ್ಲಿಂಗನ್ನು ಪೂರ್ತಿ ಕೊರೆದು ತೆಗೆಯದೆ, ಕೆಟ್ಟ ಭಾಗವನ್ನಷ್ಟೇ ತೆಗೆದು ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತು) ಸೇರಿಸುವ ಕೆಲಸವನ್ನು ಹಾಸನದ ನನ್ನ ಕ್ಲಿನಿಕ್ಕಿನಲ್ಲಿ ಐದಾರು ವರ್ಷಗಳಿಂದ ಮಾಡುತ್ತಿದ್ದೇನೆ. ನಮ್ಮ ಕಡೆಯ ರೋಗಿಗಳು ಇದಕ್ಕೆ ಒಪ್ಪುವುದಿಲ್ಲ, ಒಪ್ಪಿದರೂ ಆರು ತಿಂಗಳಲ್ಲಿ ಜಗಳಕ್ಕೆ ಬರುತ್ತಾರೆ ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ವಿಶ್ವ ದಂತ ಒಕ್ಕೂಟವಾದ ಎಫ್‌ಡಿಐ 2019ರಲ್ಲಿ ರಿಪೇರಿಯ ಪರವಾಗಿ ಪ್ರಕಟಿಸಿದ ನಿಲುವನ್ನು ತೋರಿಸಿದಾಗಲೂ ಅವರ ಅನುಮಾನ ಹೋಗಲಿಲ್ಲ. ಈಗ ಹತ್ತು ಜನರಲ್ಲಿ ಏಳು ಮಂದಿಯಾದರೂ ಒಪ್ಪುತ್ತಾರೆ. ಅಂದು ಅನುಮಾನಪಟ್ಟ ಸಹೋದ್ಯೋಗಿಗಳಲ್ಲೇ ಇಬ್ಬರು ಇಂಥ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ.

ಮೊದಲ ವರ್ಷ ಒಪ್ಪಿದವರು ವಿರಳ. ಆಗ ಹೊಸ ಫಿಲ್ಲಿಂಗಿಗೆ ನನ್ನ ದರ ಸುಮಾರು ರೂ. 1,200, ರಿಪೇರಿಗೆ ರೂ. 300. ಅರಕಲಗೂಡಿನ ಕಡೆಯ ಹಿರಿಯರೊಬ್ಬರು ದರ ಕೇಳಿದೊಡನೆ, “ದುಡ್ಡಿನ ಚಿಂತೆ ಬೇಡ ಡಾಕ್ಟ್ರೇ, ಪೂರ್ತಿ ತೆಗೆದು ಹೊಸದಾಗೇ ಹಾಕ್ಬಿಡಿ, ತೇಪೆ ಕೆಲಸ ಬೇಡ” ಎಂದರು. ಅಗ್ಗದ ಕೆಲಸವೆಂದರೆ ಅರೆಬರೆ ಕೆಲಸವೆಂಬ ಭಾವನೆ ಹೆಚ್ಚಿನವರಲ್ಲಿತ್ತು. ದರವನ್ನು ರೂ. 700ಕ್ಕೆ ಏರಿಸಿದ ಮೇಲೆ ಒಪ್ಪುವವರ ಸಂಖ್ಯೆ ಹೆಚ್ಚಿತು! ರೋಗಿ ಕುರ್ಚಿಯಲ್ಲಿ ಕೂರುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ನನಗೂ ನಷ್ಟವಾಗಲಿಲ್ಲ.

ನಿಜವಾಗಿ ದಾರಿ ತೆರೆದದ್ದು ಬಾಯೊಳಗಿನ ಕ್ಯಾಮೆರಾ. ಹತ್ತು ಹನ್ನೆರಡು ಸಾವಿರ ಕೊಟ್ಟು ತಂದ ಆ ಕ್ಯಾಮೆರಾದಲ್ಲಿ ಮೊದಲು ಫಿಲ್ಲಿಂಗಿನ ಗಟ್ಟಿಯಾಗಿ ಕೂತಿರುವ ಮೂರು ಬದಿಗಳನ್ನು, ಕೊನೆಗೆ ಮುರಿದ ಅಂಚನ್ನು ತೋರಿಸುತ್ತೇನೆ. ಹಲ್ಲಿನ ಬಣ್ಣದ ಕಾಂಪೋಸಿಟ್ಟನ್ನು ಪೂರ್ತಿ ತೆಗೆಯಲು ಹೋದರೆ ಎಲ್ಲಿ ಫಿಲ್ಲಿಂಗ್ ಮುಗಿದು ಎಲ್ಲಿ ಹಲ್ಲು ಶುರುವಾಯಿತೆಂದು ಕಣ್ಣಿಗೆ ಸ್ಪಷ್ಟವಾಗದೆ ಒಳ್ಳೆಯ ಹಲ್ಲೂ ಸ್ವಲ್ಪ ಸವೆಯುತ್ತದೆ, ಪ್ರತಿ ಸಲವೂ ಕುಳಿ ದೊಡ್ಡದಾಗಿ ನರಕ್ಕೆ ಹತ್ತಿರವಾಗುತ್ತದೆ, ಮುಂದೆ ರೂಟ್ ಕೆನಾಲ್‌ವರೆಗೂ ಹೋಗಬಹುದು ಎಂದು ಪರದೆಯ ಮೇಲೆ ಬೆರಳಿಟ್ಟು ವಿವರಿಸುತ್ತೇನೆ. ಅನೇಕ ರಿಪೇರಿಗಳಿಗೆ ಇಂಜೆಕ್ಷನ್ ಬೇಕಾಗುವುದಿಲ್ಲವೆಂದ ಕೂಡಲೇ ಮುಖದ ಬಿಗಿ ಸಡಿಲಾಗುತ್ತದೆ. ದರವನ್ನು ಎಲ್ಲಕ್ಕಿಂತ ಕೊನೆಗೆ ಹೇಳುತ್ತೇನೆ. “ಮೊದಲು ಹಾಕಿದ ಡಾಕ್ಟರದ್ದೇ ತಪ್ಪಾ?” ಎಂದು ಕೇಳುವವರು ಬಹಳ, ವರ್ಷಗಟ್ಟಲೆ ಅಗಿದ ಮೇಲೆ ಯಾರ ಕೆಲಸವೂ ಸವೆಯುತ್ತದೆ ಎನ್ನುತ್ತೇನೆ, ಅದು ಸತ್ಯವೂ ಹೌದು.

ಆರಂಭದ ರಿಪೇರಿಗಳಲ್ಲಿ ಕಿತ್ತು ಬಂದವು ಕಡಿಮೆಯೇನಲ್ಲ. ಹಳೆಯ ಕಾಂಪೋಸಿಟ್ಟಿನಲ್ಲಿ ಹೊಸದರೊಡನೆ ಬೆಸೆಯುವ ಶಕ್ತಿ ಬಹುತೇಕ ತೀರಿರುತ್ತದೆ. ಮೇಲ್ಮೈಯನ್ನು ಸಿದ್ಧಗೊಳಿಸುವ ಆಸಿಡ್ ಮತ್ತು ಅಂಟಿನಂಥ ಬಾಂಡ್ ಎರಡನ್ನೇ ನಂಬಿದರೆ ಸಾಲದು. ಈಗ 50 ಮೈಕ್ರಾನ್ ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಮೇಲ್ಮೈಯನ್ನು ಒರಟು ಮಾಡಿ, 37 ಶೇಕಡಾ ಫಾಸ್ಫಾರಿಕ್ ಆಸಿಡ್, ಹಳೆಯದಕ್ಕೆ ಹೊಸದು ಬೆಸೆಯಲು ನೆರವಾಗುವ ಸೈಲೇನ್ ದ್ರವ, ಆಮೇಲೆ ಬಾಂಡ್ ಹಾಕುತ್ತೇನೆ. ಸೈಲೇನ್ ಬಾಟಲಿ ಮುಗಿಯುವ ಮೊದಲೇ ಅವಧಿ ಮುಗಿದು ಎಸೆಯಬೇಕಾಗುವುದು ಇಂದಿಗೂ ಕಾಡುವ ಖರ್ಚು.

ನಡುವೆ ಬೆಳ್ಳಿಬಣ್ಣದ ಹಳೆಯ ಲೋಹದ ಫಿಲ್ಲಿಂಗಾದ ಅಮಾಲ್ಗಮ್‌ಗೂ ಕಾಂಪೋಸಿಟ್ ಸೇರಿಸಿ ನೋಡಿದೆ. ರಿಪೇರಿ ಗಟ್ಟಿಯಾಗಿ ನಿಂತಿತು, ಆದರೆ ಒಂದೇ ಹಲ್ಲಿನಲ್ಲಿ ಎರಡು ಬಣ್ಣ ಕಂಡ ರೋಗಿಗಳಿಗೆ, ಅದರಲ್ಲೂ ಹರೆಯದವರಿಗೆ, ಸಮಾಧಾನವಾಗಲಿಲ್ಲ. ಅಗಿಯುವ ಮೇಲ್ಮೈಗೆ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟಿನಂಥ ಫಿಲ್ಲಿಂಗ್ ಹಾಕಿದ್ದು ವರ್ಷದೊಳಗೆ ಸವೆಯಿತು. ಹಲ್ಲಿನ ಕುತ್ತಿಗೆಯ (ಒಸಡಿನ ಅಂಚಿನ) ಬಳಿ ಮಾತ್ರ ಚೆನ್ನಾಗಿ ನಿಂತಿದೆ. ದಿನವಿಡೀ ಎಲೆ ಅಡಿಕೆ ಜಗಿಯುವವರಲ್ಲಿ ರಿಪೇರಿ ಬೇಗ ಮುರಿಯುವುದನ್ನು ಕಂಡು, ಅವರಿಗೆ ಮೊದಲೇ ಹಾಗೆಂದು ತಿಳಿಸುತ್ತೇನೆ.

ವರ್ಷದೊಳಗೆ ಕಿತ್ತುಹೋದರೆ ಕೊಟ್ಟ ಹಣವನ್ನು ಹೊಸ ಫಿಲ್ಲಿಂಗಿನ ದರದಲ್ಲಿ ಕಳೆಯುತ್ತೇನೆಂದು ಚೀಟಿಯಲ್ಲೇ ಬರೆದುಕೊಡುತ್ತೇನೆ. ಹಾಗೆ ಮರಳಿ ಬಂದವರು ನೂರಕ್ಕೆ ಐದಾರು ಮಂದಿ ಇರಬಹುದು, ಜಗಳಕ್ಕೆ ಬಂದವರು ಯಾರೂ ಇಲ್ಲ. ಎಕ್ಸ್‌ರೇಯಲ್ಲಿ ಫಿಲ್ಲಿಂಗಿನ ಅಡಿಗೆಲ್ಲ ಹುಳುಕು ಹರಡಿದ್ದರೆ, ರಾತ್ರಿ ನೋವಿದ್ದರೆ ಅಥವಾ ಫಿಲ್ಲಿಂಗೇ ಅಲುಗುತ್ತಿದ್ದರೆ, ರೋಗಿ ಎಷ್ಟು ಕೇಳಿಕೊಂಡರೂ ರಿಪೇರಿ ಮಾಡುವುದಿಲ್ಲ. ಈಚೆಗೆ ಹಾಗೆ ಕೇಳಿಕೊಳ್ಳುವವರೂ ಬರುತ್ತಿದ್ದಾರೆ.